ಉಳಿ ಬಿದ್ದಿದ್ದ ಜಾಗ

ಬೆಳಗ್ಗೆ ಪೀಠೋಪಕರಣದ ಕಾರ್ಖಾನೆ ಬಾಗಿಲಿನ ಬೀಗ ತೆಗೆದಾಗ ಮಾಲೀಕ ಮರದ ಹೊಟ್ಟಿನ ಮೇಲೆ ಬೋರಲಾಗಿ ಬಿದ್ದಿದ್ದ. ಬೆನ್ನಲ್ಲಿ ಅಗಲದ ಉಳಿ. ಹಿಡಿಯ ಮೇಲೆ ಊರಿನ ಪತ್ರಿಕೆಯ ವರದಿಗಾರ್ತಿಯೊಬ್ಬಳ ತಮ್ಮ ಕೊರೆದುಕೊಂಡಿದ್ದ ಗುರುತು. ಮಧ್ಯಾಹ್ನದೊಳಗೆ ಅಲ್ಲಿ ಕೆಲಸಕ್ಕಿದ್ದ ಆ ಬಡಗಿ ಹುಡುಗ ಲಾಕಪ್ಪಿನಲ್ಲಿದ್ದ.

"ಅಕ್ಕಾ, ಜ್ವರ ಅಂತ ವಾರದಿಂದ ಆ ಕಡೆ ತಲೆ ಹಾಕಿಲ್ಲ. ಹೊಸ ಮೇಜು ಕೀಸಿ, ಉಳೀನ ಅದರ ಮೇಲೇ ಬಿಟ್ಟು ಬಂದಿದ್ದೆ. ನಿನ್ನಾಣೆ!" ಎಂದ ಕಂಬಿಯಾಚೆಯಿಂದ.

"ಸುಳ್ಳು," ಎಂದರು ಇನ್ಸ್‌ಪೆಕ್ಟರ್. "ಉಳೀನ ಅವತ್ತೇ ಮನೆಗೆ ಒಯ್ದ ಅಂತ ಕಾರ್ಖಾನೆ ಮೇಸ್ತ್ರಿ ಹೇಳಿಕೆ ಕೊಟ್ಟಿದಾರೆ. ನಿಮ್ಮ ಯಜಮಾನ್ರೇ ಅಲ್ವಾ? ಸ್ವಂತ ಭಾವಮೈದುನನ ಮೇಲೆ ಯಾರಾದ್ರೂ ಸುಮ್ನೆ ಹೇಳ್ತಾರಾ?"

ನಾಳೆ ಕೋರ್ಟು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳಿಗೆ ದಿಕ್ಕೇ ತೋಚಲಿಲ್ಲ.

* * *

ಕಾರ್ಖಾನೆಯ ಪಾಲಿಶಿನವನು ಮಾಲೀಕನ ಜೊತೆ ಜಗಳವಾಡಿದ್ದನಂತೆ. ಅವನ ಬೆನ್ನು ಹತ್ತಿದಳು. ಕೊಲೆ ನಡೆದ ರಾತ್ರಿಯಿಡೀ ಅವನು ಹೆಂಡತಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ. ನರ್ಸೇ ಸಾಕ್ಷಿ. ಆ ದಾರಿಯೂ ಮುಚ್ಚಿತು.

ಉಳಿದದ್ದು ತಮ್ಮ ಉಳಿ ಬಿಟ್ಟುಬಂದೆನೆಂದ ಮೇಜು ಒಂದೇ. ಇನ್ಸ್‌ಪೆಕ್ಟರನ್ನು ಕಾಡಿ ಬೇಡಿ ಕಾರ್ಖಾನೆಗೆ ಕರೆದೊಯ್ದಳು.

* * *

ಕಿಟಕಿಯ ಬಿಸಿಲಲ್ಲಿ ತೇಗದ ಮೇಜು. ಗಂಡ ಕೀಸುಳಿ ಹಿಡಿದು ನಿಂತಿದ್ದ.

"ಹೆಣ ಎತ್ತಿ ಒಂದು ದಿನ ಆಗಿಲ್ಲ. ಕೆಲ್ಸಾನಾ?"

"ಗಿರಾಕಿ ಅವಸರ ಕಣೇ."

ಕೀಸಿದ ಮೇಜನ್ನು ಮತ್ತೆ ಕೀಸುವುದೇಕೆ? ಅವಳು ಅಂಗೈಯಿಂದ ಹೊಟ್ಟು ಸರಿಸಿದಳು. ಹಲಗೆಯೆಲ್ಲ ಹೊಂಬಣ್ಣ. ನಡುವೆ ಮಾತ್ರ ಮಂಕು ಕಂದು ಗುರುತು. ಅಗಲದ ಅಲಗು, ದುಂಡು ಹಿಡಿ. ಇನ್ನೊಂದು ಗಳಿಗೆ ತಡವಾಗಿದ್ದರೆ ಅದು ಸುರುಳಿ ಸುರುಳಿಯಾಗಿ ನೆಲಕ್ಕೆ ಬೀಳುತ್ತಿತ್ತು.

ತಮ್ಮನನ್ನು ಬಿಡಿಸುವ ಮಾತು ಯಾರನ್ನು ಒಳಗೆ ಹಾಕುತ್ತದೆಂದು ಅವಳಿಗೆ ಗೊತ್ತಾಗಿತ್ತು. ಆದರೂ ಆಡಿದಳು.

"ಸರ್, ಆಗಷ್ಟೇ ಕೀಸಿದ ತೇಗ ಮಂಕಾಗಿರತ್ತೆ. ಬಿಸಿಲು ಬಿದ್ದು ಬಿದ್ದು ಹೊನ್ನಿನ ಬಣ್ಣಕ್ಕೆ ತಿರುಗತ್ತೆ. ಮುಚ್ಚಿದ ಜಾಗ ಮಾತ್ರ ಹಾಗೇ ಇರತ್ತೆ. ಇದನ್ನ ನಂಗೆ ಕಲಿಸಿದ್ದು ಇವರೇ. ಉಳಿ ವಾರವೆಲ್ಲ ಇಲ್ಲೇ ಇತ್ತು. ಮನೆಗೆ ಒಯ್ದ ಅನ್ನೋದು ಸುಳ್ಳು. ಬೀಗದ ಕೈ ಒಂದು ಮಾಲೀಕರ ಹತ್ರ. ಇನ್ನೊಂದು..."

"ಮೇಸ್ತ್ರಿ ಹತ್ರ," ಎಂದು ಇನ್ಸ್‌ಪೆಕ್ಟರ್ ಮುಗಿಸಿದರು.

ಗಂಡ ಕೀಸುಳಿ ಕೆಳಗಿಟ್ಟ. "ಅಗ್ಗದ ಮರಕ್ಕೆ ಬಣ್ಣ ಬಳಿದು ತೇಗ ಅಂತ ಮಾರ್ತಿದ್ದೆ. ಮಾಲೀಕರಿಗೆ ಗೊತ್ತಾಯ್ತು. ಪೊಲೀಸ್‌ಗೆ ಹೇಳ್ತೀನಿ ಅಂದ್ರು. ಕೈಗೆ ಸಿಕ್ಕಿದ್ದು ಆ ಉಳಿ."

"ನನ್ನ ತಮ್ಮನ್ನ ಬಲಿ ಕೊಡೋಕೆ ಮನಸ್ಸಾದ್ರೂ ಹೇಗೆ ಬಂತ್ರೀ?"

"ಅವನಿಗೆ ಹಿಂದಿಲ್ಲ ಮುಂದಿಲ್ಲ. ನಂಗೆ ನೀನಿದೀಯ, ಮಗು ಇದೆ."

* * *

ಸಂಜೆ ಬಿಡುಗಡೆಯಾದ ತಮ್ಮನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅಕ್ಕನ ಕೈ ಹಿಡಿದು, ಅಳುತ್ತ ನಗುತ್ತ ಸುತ್ತ ನೋಡಿದ.

"ಭಾವ ಬಂದಿಲ್ವಾ ಅಕ್ಕಾ?"