ಭಾವನ ‘ಶ್!’

ನನ್ನ ಭಾವ ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಳೆಯ ಹಾಡುಗಳನ್ನು ತುಂಬಿಸಿಕೊಳ್ಳುತ್ತಿದ್ದರು. ಸದ್ದು ಸೇರಬಾರದೆಂದು ಮೊದಲು ಸೀಲಿಂಗ್ ಫ್ಯಾನ್ ಆರಿಸಿ, ನಮ್ಮನ್ನೆಲ್ಲ ‘ಶ್!’ ಎಂದು ಗದರುತ್ತಿದ್ದರು. ಆ ‘ಶ್!’ ಪ್ರತಿ ಹಾಡಿನ ಮೊದಲಿಗೂ ಕ್ಯಾಸೆಟ್ಟಿನಲ್ಲಿ ಸೇರಿಬಿಡುತ್ತಿತ್ತು.

ಭಾವ ತೀರಿಕೊಂಡ ಮೇಲೆ, ಕ್ಯಾಸೆಟ್ಟುಗಳು ಹಾಳಾಗುವ ಮೊದಲು ಹಾಡುಗಳನ್ನು ವೆಬ್‌ಸೈಟಿಗೆ ಹಾಕಿಕೊಡು ಎಂದು ಅಕ್ಕ ದುಂಬಾಲು ಬಿದ್ದಳು. ಕಂಪ್ಯೂಟರಿನಲ್ಲಿ ಒಂದೊಂದೇ ‘ಶ್!’ ಕತ್ತರಿಸಿ ಹಾಕಿದೆ. ಸೈಟಿನಲ್ಲಿ ಕೇಳಿದರೆ ಅಷ್ಟೂ ವಾಪಸ್ಸು ಬಂದಿದ್ದವು. ಸಾಲದ್ದಕ್ಕೆ, ಪ್ರತಿ ‘ಶ್!’ಗೂ ಕಂಪ್ಯೂಟರಿನ ಫ್ಯಾನ್ ನಿಂತುಬಿಡುತ್ತಿತ್ತು. ಹೊಸ ಫ್ಯಾನ್ ಹಾಕಿಸಿದೆ. ಅದೂ ನಿಂತಿತು. ನನಗೆ ತಲೆ ಚಿಟ್ಟು ಹಿಡಿಯಿತು.

“ಅದನ್ನ ಯಾಕೋ ತೆಗೀತೀಯ? ಅದಿಲ್ದೆ ಹಾಡು ಶುರುವಾದ ಹಾಗೇ ಅನ್ಸಲ್ಲ,” ಎಂದಳು ಅಕ್ಕ.

ಸೈಟ್ ನೋಡಿಕೊಳ್ಳುವವನಿಗೆ ಫೋನ್ ಮಾಡಿ ಕೂಗಾಡಿದೆ.

“ಹಳೇ ಫೈಲ್ ಎಲ್ಲಾ ಅಳಿಸಿದೀನಿ ಸಾರ್. ಹೊಸದಾಗಿ ಏನಾದ್ರೂ ರೆಕಾರ್ಡ್ ಮಾಡಿ ಹಾಕಿ ನೋಡಿ,” ಎಂದ.

ಮಟಮಟ ಮಧ್ಯಾಹ್ನ, ತಲೆಯ ಮೇಲೆ ಸೀಲಿಂಗ್ ಫ್ಯಾನ್ ಗರಗರ ತಿರುಗುತ್ತಿತ್ತು. ಮೈಕ್ ಹಿಡಿದು ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿದೆ. ಸೈಟಿಗೆ ಹಾಕಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

“ಕೇಳು, ನಿನ್ನ ಗಂಡನ ಕಾಟ ಮುಗೀತು,” ಎಂದು ಗುಂಡಿ ಒತ್ತಿದೆ.

‘ಶ್!’

ಕಂಪ್ಯೂಟರಿನ ಫ್ಯಾನ್ ನಿಂತಿತು. ಆಮೇಲೆ ಹತ್ತು ಸೆಕೆಂಡು ಬರೀ ನಿಶ್ಶಬ್ದ. ನಾನು ಎಣಿಸಿದ್ದರಲ್ಲಿ ಒಂದೂ ಇರಲಿಲ್ಲ.

ಅಕ್ಕ ಹಳೆಯ ಅಭ್ಯಾಸದಂತೆ ಸೀಲಿಂಗ್ ಫ್ಯಾನ್ ಆರಿಸಲು ಎದ್ದಳು. ಅದರ ರೆಕ್ಕೆಗಳು ನಿಧಾನವಾಗಿ ನಿಲ್ಲುತ್ತಿದ್ದವು. ಬಾಗಿಲ ಬಳಿಯ ಸ್ವಿಚ್ಚು ಆಗಲೇ ಆಫ್ ಆಗಿತ್ತು.