ನಲವತ್ತೊಂದರಿಂದ ನೆಟ್ಟಗಾದ ಅಂಚು

ಅಚ್ಚಿನ ಕಸುಬನ್ನು ದೂರದಿಂದಷ್ಟೇ ಕಂಡವರು ಈ ಪ್ರಕರಣ ಹೇಳಹೊರಡುವುದೇ ಅಧಿಕಪ್ರಸಂಗ; ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಭೋಜರಾಜರು ತಮ್ಮ ಹೊಸ ಆತ್ಮಕತೆ ಹಿಡಿದು ಠಾಣೆಗೆ ಬಂದರು. ತಮಿಳು ನೆಲದ ಮಣಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಇನ್‌ಸ್ಪೆಕ್ಟರ್ ಗಿರಿಧರ್ ಕನ್ನಡದವರೆಂದು ತಿಳಿದೊಡನೆ ಅವರ ದನಿ ಏರಿತು.

“ಒಂದು ಪುಟಾನೇ ಕದ್ದಿದಾರೆ ಸಾರ್! ಕಾರ್ಖಾನೇಲಿ ವಾಲ್ವ್ ತೆರೆದಿಟ್ಟು ಬೆಂಕಿಗೆ ಕಾರಣ ಆದೋನು ನನ್ನ ಜೊತೆ ಕೆಲಸಕ್ಕಿದ್ದ ನಾಗರಾಜ, ಸಸ್ಪೆಂಡ್ ಆದೋನು ನಾನು. ಅದನ್ನ ಹೇಳೋಕೇ ಪುಸ್ತಕ ಬರೆದಿದ್ದು. ಭಾನುವಾರ ಬಿಡುಗಡೆ!”

ಎಫ್‌ಐಆರ್ ದಾಖಲಾಯಿತು. ಮುದುಕರೇ ಹೆದರಿ ತೆಗೆಸಿರಬಹುದೆ ಎಂದು ಗಿರಿಧರ್‌ಗೆ ಅನುಮಾನ. ಆದರೆ ಅವರು ಸಹಿ ಹಾಕಿದ್ದ ಕರಡಚ್ಚಿನಲ್ಲಿ ಆ ಪುಟವಿತ್ತು.

ಪ್ರೆಸ್ಸಿನ ಮಾಲೀಕ ರವಿಕಿರಣ್ ಕೈಮುಗಿದ. “ಮಿಷನ್ ಓಡಿಸೋದು, ಹೊಲಿಯೋದು ಬಿಟ್ರೆ ನನಗೇನೂ ತೆರಿಯಾದು, ಗೊತ್ತಿಲ್ಲ ಸಾರ್. ಪುಟ ಜೋಡಿಸೋದು ಕಂಪ್ಯೂಟರ್ ಹುಡುಗಿ ವಿನೋದಾ.”

ಕಾನ್‌ಸ್ಟೇಬಲ್ ಮೋಹನ್‌ಗೆ ಕನ್ನಡ ಓದಲು ಬಾರದು. ಹಾಗಾಗಿ ಅವನಿಗೆ ಅಕ್ಷರ ಕಾಣಲಿಲ್ಲ, ಅಂಚು ಕಂಡಿತು. ನಗುತ್ತ ತಮಿಳಿನಲ್ಲೇ ಹೇಳಿದ: “ಸಾರ್, ಕರಡಲ್ಲಿ ಅಂಚೆಲ್ಲ ನಮ್ಮ ಠಾಣೆ ಗೇಟಿನ ಹಾಗೆ ಸೊಟ್ಟ. ಪುಸ್ತಕದಲ್ಲಿ ನಲವತ್ತನೇ ಪುಟದ ತನಕ ಅದೇ ಸೊಟ್ಟ. ಆಮೇಲೆ ನೆಟ್ಟಗೆ!”

ಹೊಲಿಗೆಯ ಕಡೆ ಅಂಚು ಅಗಲ ಬಿಡಬೇಕು, ಎಂದ ರವಿಕಿರಣ್. ಕಂಪ್ಯೂಟರಿನಲ್ಲಿ ಒಂದು ಪುಟ ಕಿತ್ತರೆ ಮುಂದಿನ ಬಲಪುಟಗಳೆಲ್ಲ ಎಡಕ್ಕೆ, ಎಡದವು ಬಲಕ್ಕೆ. ಅಕ್ಷರ ಹೊಲಿಗೆಯೊಳಗೆ ಹೂತುಹೋಗುತ್ತದೆ. ಕಿತ್ತವರು ಅಂಚು ತಿದ್ದಲೇಬೇಕು.

ಗಿರಿಧರ್ ವಿನೋದಾಳ ಕಂಪ್ಯೂಟರ್ ಪಕ್ಕ ಕುಳಿತರು.

“ಯಾರಮ್ಮ ತಿದ್ದಿದ್ದು?”

“ಗೊತ್ತಿಲ್ಲ ಸಾರ್.”

“ಯಾರೋ ಕೈಲಾಗದವರು. ನಲವತ್ತೊಂದರಿಂದ ಎಲ್ಲಾ ಕೆಟ್ಟಿದೆ.”

“ಕೆಟ್ಟಿದೆಯಾ? ಒಂದೊಂದೂ ಅಳೆದು ಕೂರಿಸಿದೀನಿ...” ಮಾತು ಅಲ್ಲೇ ನಿಂತಿತು.

“ಆ ಪುಟದಲ್ಲಿರೋದು ನಾಗರಾಜನ ಹೆಸರು. ಅವನು ನಿನಗೇನಾಗಬೇಕು?”

“ಅಪ್ಪ. ತೀರ್ಕೊಂಡ್ರು. ಭಾನುವಾರ ಬಿಡುಗಡೆಗೆ ಅಮ್ಮ ಬಂದು ಮುಂದಿನ ಸಾಲಲ್ಲೇ ಕೂತ್ಕೋತಾರೆ ಸಾರ್.”

“ಮೊದಲ ನಲವತ್ತು ಪುಟ ಯಾಕೆ ತಿದ್ದಲಿಲ್ಲ?”

“ಸೊಟ್ಟ ಇದ್ರೂ ಪರವಾಗಿಲ್ಲ ಅಂತ ಭೋಜರಾಜರು ಸಹಿ ಹಾಕಿದ್ರು. ಒಪ್ಪಿಗೆ ಆದದ್ದನ್ನ ಮುಟ್ಟಬಾರದಲ್ವಾ?”

ಮೋಹನ್ ಕೂಡ ನಗಲಿಲ್ಲ.

ಪಂಚನಾಮೆ ಮಾಡಿ ಕಂಪ್ಯೂಟರ್ ಜಪ್ತಿ ಮಾಡಲಾಯಿತು. ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ಬಂದ ಮೇಲೆ ವಿನೋದಾಳ ಬಂಧನವಾಯಿತು. ಜೀಪು ಹತ್ತುವಾಗ ಗಿರಿಧರ್ ಕೇಳಿಯೇಬಿಟ್ಟರು: “ನಿಮ್ಮಪ್ಪ ಹಾಗೆ ಮಾಡಿದ್ದು ಹೌದಾ?”

“ಕೇಳೋಕೆ ಧೈರ್ಯ ಬರಲಿಲ್ಲ ಸಾರ್. ಅಷ್ಟರಲ್ಲಿ ಅವರೇ ಹೋದ್ರು.”

ಬಿಡುಗಡೆ ಮುಂದಕ್ಕೆ ಹೋಯಿತು. ಪುಟ ಮರಳಿತು, ಅಂಚೆಲ್ಲ ಮತ್ತೆ ಸೊಟ್ಟಗಾಯಿತು. ವಾಲ್ವ್ ತೆರೆದಿಟ್ಟ ಕೈ ಯಾರದೆಂಬುದು ಮಾತ್ರ ಗಿರಿಧರ್‌ಗೆ ತಿಳಿಯಲಿಲ್ಲ. ಈ ಕತೆ ಹೇಳುವವರಿಗೂ ತಿಳಿಯದು.