ಉಳಿದವರೆಲ್ಲ ಮಲಗಿದ್ದಾರೆ

"ಯಾರದು? ಮುಟ್ಬೇಡಿ ನನ್ನ!"

ಅವನು ಕೈ ಬೀಸಿದ ರಭಸಕ್ಕೆ ಔಷಧದ ತಟ್ಟೆ ನೆಲಕ್ಕೆ ಬಿತ್ತು. ಸುಟ್ಟಗಾಯದ ವಾರ್ಡಿನಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಅವಳು ಮಾತ್ರ ಅಲುಗಲಿಲ್ಲ.

"ನಾನು ಸಿಸ್ಟರ್. ಪಟ್ಟಿ ಬದಲಾಯಿಸ್ಬೇಕು, ನೋಯುತ್ತೆ. ಬೈಬೇಕು ಅನ್ಸಿದ್ರೆ ಬಾಯ್ತುಂಬ ಬೈರಿ. ಕೈ ಮಾತ್ರ ಬೀಸ್ಬೇಡಿ."

ಅವನು ವೆಲ್ಡರ್. ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಮುಖದ ಎಡಭಾಗ ಸುಟ್ಟಿತ್ತು. ಎರಡೂ ಕಣ್ಣಿಗೆ ಪಟ್ಟಿ. ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದ ಅವನ ಅಣ್ಣ ಅಲ್ಲೇ ಪ್ರಾಣ ಬಿಟ್ಟಿದ್ದ.

ಅದು ಅವನಿಗಿನ್ನೂ ಗೊತ್ತಿರಲಿಲ್ಲ.

"ಹೇಳ್ಬೇಡಿ ಸಿಸ್ಟರ್..." ಅತ್ತಿಗೆ ಕಾರಿಡಾರಿನಲ್ಲಿ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು. "ಅಣ್ಣ ಅಂದ್ರೆ ಅವನಿಗೆ ಜೀವ. ಇನ್ನೊಂದು ಹೆಣ ನೋಡೋ ಶಕ್ತಿ ನನಗಿಲ್ಲ. ಸ್ವಲ್ಪ ಚೇತರಿಸ್ಕೊಳ್ಳಲಿ, ನಾನೇ ಹೇಳ್ತೀನಿ."

ಅವಳು ಆಗಲಿ ಎಂದು ತಲೆಯಾಡಿಸಿಬಿಟ್ಟಳು.

ಅತ್ತಿಗೆ ಒಂದು ಪುಸ್ತಕ ತಂದುಕೊಟ್ಟಳು. ಮಾಂತ್ರಿಕರು, ದೂರದ ಗ್ರಹಗಳು, ಮಾತಾಡುವ ಯಂತ್ರಗಳ ಸಣ್ಣಕತೆಗಳು. ಊಟದ ವಿರಾಮದಲ್ಲಿ ಅಣ್ಣ ತಮ್ಮನಿಗೆ ಓದಿ ಹೇಳುತ್ತಿದ್ದನಂತೆ. ಅರ್ಧಕ್ಕೆ ನಿಂತಿತ್ತು.

ಡ್ಯೂಟಿ ಮುಗಿದ ಮೇಲೆ ಅವಳು ಅವನಿಗೆ ಅಲ್ಲಿಂದಲೇ ಓದಿ ಹೇಳತೊಡಗಿದಳು. ಹಾಸ್ಟೆಲ್ಲಿನ ಕೋಣೆಯಲ್ಲಿ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ.

ನದಿಯನ್ನು ಮದುವೆಯಾದ ದರ್ಜಿಯ ಕತೆ ಅವನಿಗೆ ಹಿಡಿಸಿತು. ಆಕಾಶನೌಕೆಯ ಕತೆಗೆ ಮಾತ್ರ ಸಿಡುಕಿದ. "ನೌಕೆಗೆ ತೂತು ಬಿದ್ರೆ ಹೊರಗೆ ಹೋಗಿ ವೆಲ್ಡಿಂಗ್ ಮಾಡೋನು ಯಾರು? ಬರೆದೋರ ಕಣ್ಣಿಗೆ ಕ್ಯಾಪ್ಟನ್ ಒಬ್ನೇ ಬೀಳ್ತಾನೆ!"

ಅವಳು ನಕ್ಕುಬಿಟ್ಟಳು. 'ಇದೇನು, ನಾನು ಹೀಗೆ ನಕ್ಕು ಎಷ್ಟು ಕಾಲವಾಯಿತು!'

"ಅಣ್ಣ ಹೇಗಿದ್ದಾನೆ ಸಿಸ್ಟರ್?"

ಅವಳು ಪುಸ್ತಕ ಮುಚ್ಚಿದಳು. "ಪಕ್ಕದ ವಾರ್ಡಲ್ಲಿ... ಮಲಗಿದ್ದಾರೆ."

"ಸೋಮಾರಿ! ಎದ್ದಾಗ ಹೇಳಿ, ಕತೇಲಿ ನಾನೇ ಮುಂದಿದ್ದೀನಿ ಅಂತ."

ಆ ದಿನ ಅವಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಅವನನ್ನು ಪ್ರೀತಿಸುತ್ತಿದ್ದೇನೆಂದು ಗೊತ್ತಾದದ್ದೂ ಅಲ್ಲಿಯೇ.

ಮುಂದಿನ ಕತೆಯಲ್ಲಿ, ಅಪಘಾತಕ್ಕೀಡಾದ ನೌಕೆಯೊಳಗೆ ಒಬ್ಬನೇ ಒಬ್ಬ ಎಚ್ಚರಗೊಳ್ಳುತ್ತಾನೆ. ಜೊತೆಗಾರರೆಲ್ಲಿ ಎಂದು ಕೇಳಿದಾಗಲೆಲ್ಲ ಯಂತ್ರದ್ದು ಒಂದೇ ಉತ್ತರ.

"'ಉಳಿದವರೆಲ್ಲ... ಮಲಗಿದ್ದಾರೆ...'"

ಅವಳ ದನಿ ಒಡೆಯಿತು.

"ಯಾಕೆ ನಿಲ್ಲಿಸಿದ್ರಿ?"

"ಗಂಟಲು ಕಟ್ತು..."

ಅವನು ಅವಳ ದನಿಯತ್ತ ಮುಖ ತಿರುಗಿಸಿದ. ಮೆಲ್ಲಗೆ ಕೇಳಿದ.

"ಸಿಸ್ಟರ್... ಅಣ್ಣ ಇಲ್ವಾ?"

ಸುಳ್ಳು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

"ಇಲ್ಲ."

ಅವನು ಕೂಗಲಿಲ್ಲ. ಬೆರಳುಗಳು ಹಾಸಿಗೆಯ ಅಂಚನ್ನು ಹಿಂಡುತ್ತಿದ್ದವು.

"ಸಂಸ್ಕಾರ ಎಲ್ಲಾ ಮುಗೀತಾ?"

"ಮುಗೀತು..."

"ನಾನಿಲ್ಲಿ ಕತೆ ಕೇಳ್ಕೊಂಡು ನಗ್ತಿದ್ದೆ! ನೀವು ನಗಿಸ್ತಿದ್ರಿ! ಹೋಗಿ... ಇನ್ನು ನಿಮ್ಮ ದನಿ ನನ್ನ ಕಿವಿಗೆ ಬೀಳ್ಬಾರ್ದು!"

'ನಿಮ್ಮ ಅತ್ತಿಗೆಯೇ ಬೇಡಿಕೊಂಡರು' ಎನ್ನಬಹುದಿತ್ತು. ಆದರೆ ಅವನಿಗೆ ಇನ್ನು ಉಳಿದವಳು ಆ ಅತ್ತಿಗೆ ಒಬ್ಬಳೇ... ಅವಳನ್ನೂ ಕಿತ್ತುಕೊಳ್ಳಲೇ? ಪುಸ್ತಕವನ್ನು ಮಂಚದ ಪಕ್ಕದಲ್ಲಿಟ್ಟು ಎದ್ದಳು. ಮರುದಿನವೇ ಬೇರೆ ವಾರ್ಡಿಗೆ ಹಾಕಿಸಿಕೊಂಡಳು.

ಅವನು ಮನೆಗೆ ಹೋದ ಸುದ್ದಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಳು. ಎಡಗಣ್ಣು ಹೋಯಿತಂತೆ. ಬಲಗಣ್ಣಿಗೆ ಮಂಜು ಮಂಜಾಗಿ ಕಾಣುತ್ತದಂತೆ.

ಎಷ್ಟೋ ವಾರಗಳ ನಂತರ ಒಂದು ಮಧ್ಯಾಹ್ನ, ಹೊರರೋಗಿಗಳ ಬೆಂಚಿನ ಮೇಲೆ ಅತ್ತಿಗೆ ಮತ್ತು ಅವನು ಕುಳಿತಿದ್ದರು. ಅವರನ್ನು ಕಂಡು ಅವಳ ಕಾಲು ಅಲ್ಲೇ ನಿಂತಿತು.

ಅತ್ತಿಗೆ ಎದ್ದು ಬಂದಳು. "ಹೇಳ್ಬೇಡಿ ಅಂದಿದ್ದು ನಾನೇ ಅಂತ ಅವನಿಗೆ ಹೇಳ್ಬಿಟ್ಟೆ. ನನ್ನ ಹೆಸರು ಯಾಕೆ ಎತ್ತಲಿಲ್ಲ ಸಿಸ್ಟರ್?" ಕಣ್ಣೊರೆಸಿಕೊಂಡು, ಔಷಧಿ ತರುವ ನೆಪ ಹೇಳಿ ಹೊರಟುಹೋದಳು.

ಅವಳು ಬೆಂಚಿನ ತುದಿಯಲ್ಲಿ ಕುಳಿತಳು. ಅವನೇ ಮಾತು ತೆಗೆದ.

"ಅತ್ತಿಗೆ ಮೇಲೆ ಕೂಗಾಡ್ದೆ. ಆಮೇಲೆ ಇಬ್ರೂ ಕೂತು ಅತ್ವಿ. ಅಣ್ಣನಿಗೋಸ್ಕರ ನಾವು ಜೊತೇಲಿ ಅತ್ತಿದ್ದು ಅದೇ ಮೊದಲು."

"ನಾನೂ ಸುಳ್ಳು ಹೇಳಿದ್ದೆ... ಕ್ಷಮಿಸಿ."

"ಹೇಳಿದ್ರಿ. ಆದ್ರೆ ಕೇಳ್ದಾಗ 'ಇಲ್ಲ' ಅಂದೋರೂ ನೀವೇ." ಅವನು ತನ್ನ ಕೆನ್ನೆ ಮುಟ್ಟಿಕೊಂಡ. "ನೋಡೋಕೆ ಬಂದೋರೆಲ್ಲಾ ಚೆನ್ನಾಗೇ ಇದ್ದೀಯ ಅಂತಾರೆ. ನೀವು ನಿಜ ಹೇಳಿ. ಹೇಗಿದೆ ನನ್ನ ಮುಖ?"

ಅವಳು ದಿಟ್ಟಿಸಿ ನೋಡಿದಳು.

"ಎಡಗಡೆ ಚರ್ಮ ಎಳ್ಕೊಂಡಿದೆ. ಆ ಕಣ್ಣು ಮುಚ್ಚಿಹೋಗಿದೆ. ತುಟಿ ಸ್ವಲ್ಪ ಸೊಟ್ಟ. ಇನ್ನು ಸರಿಹೋಗಲ್ಲ."

"ಭಯ ಆಗಲ್ವಾ?"

"ಮೊದಲ ದಿನ ಆಗಿತ್ತು."

"ಈಗ?"

"ಈಗ ಬೇರೇನೇ ಭಯ..." ಅವಳು ಅವನತ್ತ ಸರಿದಳು. "ನೀವು ಮತ್ತೆ ಹೋಗಿ ಅಂದ್ಬಿಟ್ರೆ ಅಂತ. ನಿಮ್ಮನ್ನ ಬಿಟ್ಟಿರೋಕೆ ನನ್ನ ಕೈಲಾಗ್ತಿಲ್ಲ!"

ಅವನ ಕೈ ಗಾಳಿಯಲ್ಲಿ ತಡಕಾಡಿತು. ಅವಳು ತನ್ನ ಕೈಯನ್ನು ಅದರೊಳಗಿಟ್ಟಳು.

"ನನಗೂ ಅಷ್ಟೇ... ಹೋಗ್ಬೇಡಿ."

"ಹೋಗಲ್ಲ."

"ಇದು ನಿಜಾನಾ?"

"ನಿಜ."